ಮದುವೆಯ ಗೌಲಿಗೆ ಟೊಮೆಟೊ ಹಾಕಿದವಳು

ಓದುಗರ ಪ್ರಶ್ನೆ, ಪುಣೆಯ ಅಡುಗೆಮನೆಯಿಂದ ಉತ್ತರ

ಹೋದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು, ನನಗೆ ಬಲು ಇಷ್ಟದ ಊಟ ಹೋಳಿಗೆಯಲ್ಲ, ಗೌಲಿ-ಟೊಮೆಟೊ (ಗೌಲಿ ಅಂದರೆ ಕೈಯಲ್ಲಿ ಚಿವುಟಿ ಮಾಡುವ ರವೆಯ ಕಾಳು) ಎಂದು ಬರೆದುಬಿಟ್ಟೆ. ಅದೇ ನಮ್ಮ ಮನೆಯ ಪಾಸ್ತಾ ಎಂದೂ ಸೇರಿಸಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಕೆಲವರು ಮಾಡುವ ಬಗೆ ಕೇಳಿದ್ದಾರೆ, ಕೆಲವರು ಬೈದಿದ್ದಾರೆ, ಒಬ್ಬರು ಬೈದು ಆಮೇಲೆ ಮಾಡುವ ಬಗೆಯನ್ನೂ ಕೇಳಿದ್ದಾರೆ. ಉಪ್ಪಿನಕಾಯಿ, ಹಪ್ಪಳದ ಪ್ರಶ್ನೆಗಳು ಮುಂದಿನ ಸಲಕ್ಕಿರಲಿ.

ಪ್ರಶ್ನೆ: ನಾವು ಗದಗದ ಕಡೆಯವರು. ಡೊಂಬಿವಲಿಗೆ ಬಂದು ಮೂವತ್ತೆರಡು ವರ್ಷವಾಯಿತು. ಮಗ-ಸೊಸೆ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು. ಎಲ್ಲರೂ ಕೂಡಿ ಉಣ್ಣುವುದು ಭಾನುವಾರ ಒಂದೇ ದಿನ. ಆ ದಿನವೂ ಸೊಸೆ ಪಾಸ್ತಾ ಮಾಡುತ್ತಾಳೆ. ಮೊಮ್ಮಗನಿಗೆ ಅದೇ ಬೇಕು. ನಾನು ಮಾಡಿದ ಶಾವಿಗಿ ಪಾಯಸ ಮಂಗಳವಾರದ ತನಕ ಫ್ರಿಜ್ಜಿನಲ್ಲಿ ಕೂತಿರುತ್ತದೆ. ನೀವೂ ಪಾಸ್ತಾ ಪಕ್ಷ ಸೇರಿದ್ದು ಓದಿ ಬೇಜಾರಾಯಿತು. ನಮ್ಮ ಊಟ, ನಮ್ಮ ಸಂಸ್ಕೃತಿ ಹೀಗೇ ಹೋಗಬೇಕೇ? ಹೆಸರು ಹಾಕಬೇಡಿ, ಸೊಸೆ ಈ ಪತ್ರಿಕೆ ಓದುತ್ತಾಳೆ.

ಉತ್ತರ: ಅಕ್ಕಾ, ಹೆಸರು ಹಾಕಿಲ್ಲ. ಆದರೆ ಫ್ರಿಜ್ಜಿನ ಪಾಯಸದ ಗುರುತು ನಿಮ್ಮ ಸೊಸೆಗೆ ಹತ್ತದೆ ಇರುವುದಿಲ್ಲ, ತಯಾರಾಗಿರಿ.

ನಿಮಗೆ ಬುದ್ಧಿ ಹೇಳುವ ಮೊದಲು ನಾನು ಮಾಡಿದ ಪಾಪ ಕೇಳಿ. 1982ರಲ್ಲಿ ಮದುವೆಯಾಗಿ ಇಂಡಿ ತಾಲ್ಲೂಕಿನಿಂದ ಪುಣೆಯ ನಾರಾಯಣ ಪೇಠೆಯ ಒಂದು ವಾಡೆಗೆ ಬಂದೆ. ಎರಡು ಖೋಲಿ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಎಂಬಂಥ ಅಡುಗೆಮನೆ, ಅದರೊಳಗೆ ಅತ್ತೆಯವರು. ಪ್ರತಿ ಬೇಸಿಗೆ ತವರಿನಿಂದ ಎರಡು ತಗಡಿನ ಡಬ್ಬಿ ಬರುತ್ತಿದ್ದವು. ಒಂದರಲ್ಲಿ ಜವೆಗೋಧಿಯ ಶಾವಿಗಿ, ಇನ್ನೊಂದರಲ್ಲಿ ಗೌಲಿ. ಆಗ ವಿಜಾಪುರದ ಕಡೆ ಇದ್ದದ್ದು ಮೀಟರ್ ಗೇಜ್ ಗಾಡಿ. ಸೋಲಾಪುರದಲ್ಲಿ ಇಳಿದು ದೊಡ್ಡ ಗಾಡಿ ಹತ್ತಬೇಕು. ನಮ್ಮಣ್ಣ ಟ್ರಂಕನ್ನು ಹಮಾಲನ ತಲೆಗೆ ಕೊಟ್ಟರೂ ಶಾವಿಗಿ ಡಬ್ಬಿ ಮಾತ್ರ ತನ್ನ ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದ. ಶಾವಿಗಿ ಮುರಿದರೆ ಅವ್ವ ಅವನ ಎಲುಬು ಮುರಿಯುತ್ತಿದ್ದಳು.

ಗೌಲಿ ಕಾಣದವರಿಗಾಗಿ ಒಂದು ಮಾತು. ಸಣ್ಣ ರವೆಯನ್ನು ಹಾಲು-ನೀರು ಹಾಕಿ ಗಟ್ಟಿಯಾಗಿ ನಾದಿ, ಎಳೆ ಹೊಸೆದು, ಹೆಬ್ಬೆರಳು ತೋರುಬೆರಳ ನಡುವೆ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಚಿವುಟಿ ಉದುರಿಸುವುದು. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಮದುವೆಗೆ, ಕುಬುಸಕ್ಕೆ ಅದರ ಪಾಯಸ. ಮರಾಠಿಯವರು ಗವ್ಹಲೆ ಅನ್ನುತ್ತಾರೆ, ಮದುವೆಯಲ್ಲಿ ಹೆಣ್ಣಿನ ಕಡೆಯವರು ತಿಂಡಿ-ಸಾಮಾನು ಜೋಡಿಸುವ ರುಖವತದಲ್ಲಿ ಚೆಂದಾಗಿ ಹೊಂದಿಸಿ ಇಡುತ್ತಾರೆ. ಒಂದು ಮಧ್ಯಾಹ್ನವಿಡೀ ಚಿವುಟಿದರೂ ಪರಾತದ ತಳ ಮುಚ್ಚುವುದಿಲ್ಲ, ಬೆರಳ ತುದಿ ಮಾತ್ರ ಮರಗಟ್ಟುತ್ತದೆ.

1995ರ ಮಳೆಗಾಲ. ಮಗಳು ಏಳನೇ ಇಯತ್ತೆ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದ ಗೆಳತಿಯ ಮನೆಗೆ ಹೋಗಿದ್ದಳು. ಗೆಳತಿಯ ತಾಯಿ ಗೋವೆಯ ಕ್ರಿಶ್ಚಿಯನ್ನರು, ಮಕ್ಕಳಿಗೆ ಮ್ಯಾಕರೋನಿ ಮಾಡಿ ಬಡಿಸಿದ್ದರು. ಇವಳು ಮನೆಗೆ ಬಂದವಳೇ ಒದ್ದೆ ಚೀಲ ಇಳಿಸದೆ "ಅವ್ವಾ, ಪಾಸ್ತಾ ಮಾಡು" ಎಂದಳು. ಅದೇನೆಂದು ನನಗೆ ಗೊತ್ತಿಲ್ಲ. "ಸಣ್ಣ ಸಣ್ಣ ಹಿಟ್ಟಿನ ತುಂಡು ಇರ್ತಾವ, ಟೊಮೆಟೊ, ಬಳ್ಳೊಳ್ಳಿ ಇರ್ತದ" ಎಂದಳು. ಹಿಟ್ಟಿನ ತುಂಡು ನಮ್ಮ ಮನೆಯಲ್ಲೂ ಇದೆಯಲ್ಲ ಎಂದುಕೊಂಡು ಸ್ಟೂಲ್ ಹತ್ತಿ ಡಬ್ಬಿ ಇಳಿಸಿದೆ. ನಾಲ್ಕು ಹಿಡಿ ಗೌಲಿ ಕುದಿಸಿ, ಚಾಳಣಿಯಲ್ಲಿ ಬಸಿದು, ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ, ಟೊಮೆಟೊ ಬಾಡಿಸಿ ಕಲಸಿದೆ. ಮಗಳು ತಿಂದು "ಇದಲ್ಲ, ಆದ್ರ ಇದೂ ಛಲೋ ಅದ" ಎಂದಳು.

ಅಷ್ಟರಲ್ಲಿ ಓಂಕಾರೇಶ್ವರ ಗುಡಿಯಿಂದ ಅತ್ತೆಯವರು ಬಂದರು. ತೆರೆದ ಡಬ್ಬಿ ನೋಡಿದರು, ಮೊಮ್ಮಗಳ ತಾಟು ನೋಡಿದರು. ತುಳಸಿ ಲಗ್ನ ಮುಗಿದ ಮೇಲೆ ನಾದಿನಿಯ ಮಗಳ ಮದುವೆ. ಆ ಗೌಲಿ ಅದಕ್ಕೆಂದು ತೆಗೆದಿಟ್ಟದ್ದು. ನನಗೆ ಹೇಳಿದ್ದರು, ನಾನು ಮರೆತಿದ್ದೆ.

"ಮದವಿ ಗೌಲಿಗೆ ಬಳ್ಳೊಳ್ಳಿ ಹಾಕೀದೇನ?"

ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಕಾಲು ತೊಳೆದು, ಸೀರೆ ಬದಲಿಸಿ ಬಂದು ತೀರ್ಪು ಕೊಟ್ಟರು: "ಎಷ್ಟ ಕುದಿಸೀದಿ, ಅಷ್ಟ ಮಾಡಿ ಡಬ್ಬಿಗೆ ಹಾಕು. ನೀನೂ ಕೂಡು, ಆಕೀನೂ ಕೂಡಸು."

ಮೂರು ಸಂಜೆ ಕೂತೆವು. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಬಟ್ಟೆಯ ವಾಸನೆ, ನಡುವೆ ಪರಾತ. ಮಗಳ ಕೈಗೆ ಅಕ್ಕಿಕಾಳಿನ ಅಳತೆ ಒಗ್ಗಲೇ ಇಲ್ಲ. ಅವರೆಕಾಳಿನಷ್ಟು ದಪ್ಪ ಚಿವುಟುವುದು, ಅದನ್ನು ಸಣ್ಣದು ಮಾಡಲು ಹೋಗಿ ಪರಾತಕ್ಕೆ ಒತ್ತಿ ಹೆಬ್ಬೆರಳಿನಿಂದ ಎಳೆಯುವುದು. ಅದು ಸಣ್ಣದಾಗುವ ಬದಲು ನಡುವೆ ತಗ್ಗುಬಿದ್ದು, ಅಂಚು ಸುರುಳಿಕೊಂಡು, ಶೇಂಗಾ ಸಿಪ್ಪೆಯ ಹಾಗೆ ಆಗುತ್ತಿತ್ತು. ಅತ್ತೆಯವರು ಕನ್ನಡಕ ಏರಿಸಿ ಒಂದೊಂದನ್ನೇ ಆರಿಸಿ, "ಇದು ಮದವಿಗೆ ನಡ್ಯಾಂಗಿಲ್ಲ, ಇದೂ ನಡ್ಯಾಂಗಿಲ್ಲ" ಎಂದು ಪಕ್ಕದ ಬಟ್ಟಲಿಗೆ ಎಸೆಯುತ್ತಿದ್ದರು. "ಆಯಿ, ಒಂದರೆ ಇರಲಿ" ಎಂದು ಮಗಳು ಗೋಗರೆದರೂ ಬಿಡಲಿಲ್ಲ. (ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. ವಾಡೆಯ ಜನಕ್ಕೆ ಮೊದಮೊದಲು ನಾನು ಆ ಹುಡುಗಿಗೆ ಏನಾಗಬೇಕು ಎಂಬುದೇ ತಿಳಿದಿರಲಿಲ್ಲ.)

ನಾಲ್ಕನೆಯ ದಿನ ಆ ನಾಪಾಸಾದ ಬಟ್ಟಲನ್ನು ಎಸೆಯಲಾರದೆ ಮತ್ತೆ ಟೊಮೆಟೊದಲ್ಲಿ ಹಾಕಿದೆ. ಮೊದಲ ಸಲ ಗೊಜ್ಜು ಒಂದು ಕಡೆ, ಗೌಲಿ ಒಂದು ಕಡೆ ಆಗಿತ್ತು. ಈ ಸಲ ಒಂದೊಂದು ತಗ್ಗಿನಲ್ಲೂ ಒಂದೊಂದು ಹನಿ ಗೊಜ್ಜು ಕೂತಿತ್ತು. ಅತ್ತೆಯವರೂ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಏನೂ ಅನ್ನಲಿಲ್ಲ. ಇನ್ನೊಂದು ಚಮಚ ಹಾಕಿಕೊಂಡರು.

ಎಷ್ಟೋ ವರ್ಷ ಕಳೆದ ಮೇಲೆ ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ಇಟಲಿಯ ದಕ್ಷಿಣಕ್ಕೆ ಪುಲಿಯಾ ಎಂಬ ಸೀಮೆ, ಅಲ್ಲಿ ಬಾರಿ ಎಂಬ ಊರು. ಹಳೆಯ ಓಣಿಯಲ್ಲಿ ಹೆಂಗಸರು ಬಾಗಿಲ ಮುಂದೆ ಮರದ ಹಲಗೆ ಇಟ್ಟುಕೊಂಡು ಕೂತಿದ್ದಾರೆ. ರವೆ ಮತ್ತು ನೀರು ಬಿಟ್ಟರೆ ಬೇರೇನಿಲ್ಲ. ಹಿಟ್ಟನ್ನು ಹುರಿಯಾಗಿ ಹೊಸೆದು, ತುಂಡು ಕತ್ತರಿಸಿ, ಚಾಕುವಿನ ಬಾಯಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚುತ್ತಾರೆ. ಅದಕ್ಕೆ ಒರೆಕ್ಕಿಯೆತ್ತೆ ಎಂದು ಹೆಸರು, ಅಂದರೆ ಪುಟ್ಟ ಕಿವಿ. ಬೆರಳಿನಿಂದಲೇ ಒತ್ತಿ ಎಳೆದು ತಗ್ಗು ಮಾಡುವ ಇನ್ನೊಂದು ಬಗೆಗೆ ಕವತೆಲ್ಲಿ ಅನ್ನುತ್ತಾರೆ. ನಾನು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಬಟ್ಟಲಲ್ಲಿ ನಾಪಾಸಾಗಿ ಬಿದ್ದದ್ದು ಅದೇ. ಅಲ್ಲಿಯವರು ಗೊಜ್ಜು ಹಿಡಿಯಲಿ ಎಂದೇ ತಗ್ಗು ಮಾಡುತ್ತಾರೆ. ನನ್ನ ಮಗಳು ಕೈಬಾರದೆ ಮಾಡಿದ್ದಳು.

ಈಗ ನಿಮ್ಮ ವಿಷಯ. ಪಾಸ್ತಾದ ಎದುರಿಗೆ ಪಾಯಸ ಇಟ್ಟು ಪೈಪೋಟಿ ಮಾಡಬೇಡಿ. ಖಾರದ ಎದುರು ಸಿಹಿ ಇಟ್ಟರೆ ಹತ್ತು ವರ್ಷದ ಹುಡುಗ ಯಾವುದಕ್ಕೆ ಕೈ ಹಾಕುತ್ತಾನೆ ಎಂದು ಕೇಳಬೇಕೇ? ಮುಂದಿನ ಭಾನುವಾರ ಚಕೋಲಿ ಮಾಡಿ. ತೊಗರಿಬೇಳೆಗೆ ಹುಣಸೆ, ಬೆಲ್ಲ, ಮಸಾಲೆಖಾರ ಹಾಕಿ ಕುದಿಯಲು ಬಿಟ್ಟು, ಚಪಾತಿ ಲಟ್ಟಿಸಿ ಶಂಕರಪಾಳಿಯ ಹಾಗೆ ಕತ್ತರಿಸಿ ಒಂದೊಂದಾಗಿ ಬಿಡುವುದು ನಿಮಗೇನು ಹೊಸದೇ? ಪುಣೆಯಲ್ಲಿ ಇದು ವರಣಫಳ, ಗುಜರಾತಿಗಳಿಗೆ ದಾಲ್ ಢೋಕ್ಳಿ. ಇಟಲಿಯವರು ಬೇಳೆಯ ಬದಲು ಕಾಬೂಲಿ ಕಡಲೆ ಹಾಕಿ ಇಂಥದೇ ಒಂದು ಗಂಜಿಪಾಕದ ಊಟ ಮಾಡುತ್ತಾರೆ, ಅದಕ್ಕೆ 'ಪಾಸ್ತಾ ಎ ಚೇಚಿ' ಎನ್ನುತ್ತಾರೆ. ನೀವು ಮೊಮ್ಮಗನಿಗೆ "ಇವತ್ತು ಬೇಳೆ ಪಾಸ್ತಾ" ಎಂದು ಬಡಿಸಿದರೆ ಸುಳ್ಳು ಹೇಳಿದಂತಾಗುವುದಿಲ್ಲ.

ಅದರ ಮುಂದಿನ ಭಾನುವಾರ ಸೊಸೆಗೆ, "ಹಿಟ್ಟು ನಾನು ನಾದತೀನಿ, ಗೊಜ್ಜು ನೀ ಮಾಡು" ಎನ್ನಿ. ಹುಡುಗನ ಹೆಬ್ಬೆರಳು ಕೆಲಸಕ್ಕೆ ಹಚ್ಚಿ. ಮೂವತ್ತೆರಡು ವರ್ಷ ಒಲೆಯ ಮುಂದೆ ನಿಂತವರಿಗೆ ಭಾನುವಾರ ಹೊರಗೆ ಸೋಫಾದ ಮೇಲೆ ಕೂತು ಕುಕ್ಕರಿನ ಸೀಟಿ ಎಣಿಸುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತಿದೆ. ಪಾಸ್ತಾದಲ್ಲಿ ಸೀಟಿಯೂ ಇಲ್ಲ. ಇನ್ನೊಂದು, ಸೊಸೆ ಮಾಡುತ್ತಾಳೆ ಎಂದು ಬರೆದಿರಿ. ಮಗ ಏನು ಮಾಡುತ್ತಾನೆ ಎಂದು ಬರೆಯಲಿಲ್ಲ. ಟೊಮೆಟೊ ಹೆಚ್ಚಲು ಬಾರದಷ್ಟು ಎಳೆಯವನೇನಲ್ಲವಲ್ಲ?

ಪ್ರಶ್ನೆ: ಪಾಸ್ತಾ ಅಂದರೆ ಮೈದಾ ಎಂದು ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದಿನವೂ ಬರುತ್ತದೆ. ನಿಜವೇ? - ಶಾಲಾ ಶಿಕ್ಷಕಿ, ಕೋಥ್ರೂಡ್

ಉತ್ತರ: ಪ್ಯಾಕೆಟ್ ತಿರುಗಿಸಿ ಹಿಂದೆ ಓದಿ, ಗುಂಪನ್ನು ಕೇಳಬೇಡಿ. ಅಗ್ಗದ ಕೆಲವು ಪ್ಯಾಕೆಟ್ಟುಗಳಲ್ಲಿ ಮೈದಾ ಇರುವುದು ನಿಜ. ಒಳ್ಳೆಯದರಲ್ಲಿ 'ದುರಮ್ ಗೋಧಿಯ ರವೆ' ಎಂದು ಬರೆದಿರುತ್ತದೆ. ಇಟಲಿಯಲ್ಲಿ ಒಣ ಪಾಸ್ತಾವನ್ನು ದುರಮ್ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಬಂದಿದೆ.

ದುರಮ್ ಎಂದರೆ ಲ್ಯಾಟಿನ್ನಿನಲ್ಲಿ ಗಟ್ಟಿ. ಬೀಸಿದರೆ ಹುಡಿಯಾಗದೆ ಹರಳು ಹರಳಾಗಿ ಒಡೆಯುತ್ತದೆ, ಬಣ್ಣ ತುಸು ಹಳದಿ. ಕೇಳಿದರೆ ಪರದೇಶದ ಮಾಲು ಎನ್ನಿಸುತ್ತದೆ. ಆದರೆ ನೀವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಇದೆಯಲ್ಲ, ಆ ಬನ್ಸಿಯೂ ದುರಮ್ ಗೋಧಿಯ ಒಂದು ತಳಿ. ಬೆಳಿಗ್ಗೆ ಉಪ್ಪಿಟ್ಟು ತಿಂದು ಸಂಜೆ ಪಾಸ್ತಾವನ್ನು ವಿದೇಶಿ ಎಂದು ಬೈಯುವವರು ಇದನ್ನು ಸ್ವಲ್ಪ ಗಮನಿಸಬೇಕು.

ಇನ್ನು ನಮ್ಮ ಜವೆಗೋಧಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡದ ಕಡೆ ಶಾವಿಗಿಗೆ, ಮಾದಲಿಗೆ, ಗೋಧಿ ಹುಗ್ಗಿಗೆ ಅದೇ ಬೇಕು. ಒಕ್ಕಿದರೆ ಹೊಟ್ಟು ಬಿಡುವುದಿಲ್ಲ, ಕುಟ್ಟಿಯೇ ತೆಗೆಯಬೇಕು. ಪುಣೆಯ ಅಂಗಡಿಗಳಲ್ಲಿ ಖಪಲಿ ಎಂದು ಕೇಳಿದರೆ ಸಿಗುತ್ತದೆ, ಈಗ ಸಕ್ಕರೆ ಕಾಯಿಲೆಯವರ ಭರಾಟೆಯಲ್ಲಿ ಬೆಲೆ ಏರಿ ಕೂತಿದೆ. ಇದೇ ಜಾತಿಯ ಗೋಧಿಗೆ ಇಟಲಿಯಲ್ಲಿ ಫಾರ್ರೊ ಎನ್ನುತ್ತಾರೆ. ದುರಮ್ ಗೋಧಿ ಹುಟ್ಟಿದ್ದೇ ಈ ಜಾತಿಯಿಂದ. ಚಪಾತಿ ಗೋಧಿಯಲ್ಲಿ 42 ವರ್ಣತಂತುಗಳಿದ್ದರೆ ಇವೆರಡರಲ್ಲೂ 28. ಒಂದೇ ವಂಶ. ಹೀಗಾಗಿ ಇಂಡಿಯ ಶಾವಿಗಿಗೂ ನೇಪಲ್ಸಿನ ಸ್ಪಾಗೆಟ್ಟಿಗೂ ಹೊಲದಲ್ಲೇ ಸಂಬಂಧವಿದೆ.

ನಿಮ್ಮ ಗುಂಪಿನಲ್ಲಿ ಇದನ್ನು ಹಾಕಿದರೆ ಯಾರಾದರೂ ಉಲ್ಟಾ ಹೊಡೆದೇ ಹೊಡೆಯುತ್ತಾರೆ. ಹಾಕಿ ನೋಡಿ.

ಪ್ರಶ್ನೆ: ನಾವು ಕುಮಟೆಯವರು, ಮಡಗಾಂವಿನಲ್ಲಿದ್ದೇವೆ. ತೆಂಗಿನ ಹಾಲು ಬೆಲ್ಲದ ರಸದಲ್ಲಿ ಶೇವಯೊ ಅದ್ದಿ ತಿನ್ನುವುದು ಇಲ್ಲೂ ಉಂಟು, ನಮ್ಮ ಕಡೆಯೂ ಉಂಟು. ಇದನ್ನು ಪೋರ್ತುಗೀಜರು ಕಲಿಸಿದ್ದು ಎಂದು ಇಲ್ಲಿಯ ಗೆಳೆಯರೊಬ್ಬರ ವಾದ. ಪಾಸ್ತಾವನ್ನು ಮಾರ್ಕೊ ಪೋಲೊ ಚೀನಾದಿಂದ ತಂದನಂತೆ, ಅಲ್ಲಿಂದ ಪೋರ್ತುಗಲ್‌ಗೆ, ಅಲ್ಲಿಂದ ಗೋವೆಗೆ ಬಂತಂತೆ.

ಉತ್ತರ: ನಿಮ್ಮ ಗೆಳೆಯರು ಎರಡು ಕಡೆ ಎಡವಿದ್ದಾರೆ.

ಮಾರ್ಕೊ ಪೋಲೊ ವೆನಿಸ್‌ಗೆ ಮರಳಿದ್ದು 1295ರಲ್ಲಿ. ಜಿನೋವಾದಲ್ಲಿ 1279ರಲ್ಲೇ ಬರೆದ ಒಂದು ಆಸ್ತಿಪಟ್ಟಿಯಲ್ಲಿ ಬುಟ್ಟಿ ತುಂಬ ಮ್ಯಾಕರೋನಿಯ ಲೆಕ್ಕ ಇದೆ. ಅದಕ್ಕೂ ಹಿಂದೆ, 1154ರಲ್ಲಿ, ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ ಸಿಸಿಲಿಯ ರಾಜ ರೋಜರನಿಗಾಗಿ ಬರೆದ ಗ್ರಂಥದಲ್ಲಿ, ಪಲೆರ್ಮೊ ಹತ್ತಿರದ ತ್ರಾಬಿಯಾ ಎಂಬ ಊರಿನಲ್ಲಿ 'ಇತ್ರಿಯಾ' ಎಂಬ ಹಿಟ್ಟಿನ ಎಳೆಗಳನ್ನು ಮಾಡಿ ಹಡಗು ತುಂಬಿ ಕಳಿಸುತ್ತಾರೆ ಎಂದು ಹೇಳಿದ್ದಾನೆ. ಒಣಗಿಸಿದ ಎಳೆ ಕೆಡುವುದಿಲ್ಲ, ಹಡಗಿಗೆ ಅದೇ ಬೇಕು. ನಮ್ಮಣ್ಣನ ಡಬ್ಬಿಯ ಹಾಗೆಯೇ. ಪೋಲೊ ಕಥೆ ಜನಪ್ರಿಯವಾದದ್ದು 1929ರಲ್ಲಿ, ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆಯೊಂದು ಅದನ್ನು ಅಚ್ಚು ಹಾಕಿದ ಮೇಲೆ.

ಆ ಅರಬ್ಬಿ 'ಇತ್ರಿಯಾ'ವೇ ಪೋರ್ತುಗೀಜರ ಬಾಯಲ್ಲಿ 'ಅಲೆತ್ರಿಯಾ' ಆಯಿತು. ಅವರು ಗೋಧಿಯ ಸಣ್ಣ ಶಾವಿಗೆಗೆ ಹಾಲು, ಸಕ್ಕರೆ ಸೇರಿಸಿ ಮಾಡುವ ಸಿಹಿ ಅದು, ಮೇಲೆ ದಾಲ್ಚಿನ್ನಿ ಪುಡಿ. ನಿಮ್ಮ ಶೇವಯೊ ಅಕ್ಕಿಯದು. ಅಕ್ಕಿಯಲ್ಲಿ ಗೋಧಿಯ ಜಿಗುಟಿಲ್ಲ, ಎಳೆದರೆ ಹರಿಯುತ್ತದೆ. ಅದಕ್ಕೇ ಮೊದಲು ಹಿಟ್ಟನ್ನು ಬೇಯಿಸಿ, ಉಂಡೆ ಬಿಸಿಯಿರುವಾಗಲೇ ಶಾವಿಗೆ ಒರಳಿಗೆ ತುಂಬಿ ಒತ್ತುವುದು. ಒತ್ತಲು ಒಬ್ಬರು, ಕೆಳಗೆ ತಾಟು ಹಿಡಿಯಲು ಒಬ್ಬರು, ಬಿಸಿ ಆರಿತು ಎಂದು ಕೂಗಲು ಒಬ್ಬರು. ಇಲ್ಲಿ ಧಾನ್ಯ ಬೇರೆ, ಹದ ಬೇರೆ, ಸಲಕರಣೆಯೂ ಬೇರೆ. 1510ರಲ್ಲಿ ಗೋವೆ ಹಿಡಿದವರಿಗೆ ಇದರ ಹೆಸರು ಹಚ್ಚುವುದು ನ್ಯಾಯವಲ್ಲ. ಅವರಿಂದ ನಿಜವಾಗಿ ನಮ್ಮ ಒಲೆಗೆ ಬಂದದ್ದು ಮೆಣಸಿನಕಾಯಿ. ಅದೊಂದಕ್ಕೇ ಎಷ್ಟು ಋಣಿಯಾದರೂ ಸಾಲದು ಎಂದು ಗೆಳೆಯರಿಗೆ ಹೇಳಿ, ಸಮಾಧಾನವಾದೀತು.

ಪ್ರಶ್ನೆ: ಹಾಸ್ಟೆಲಿನಲ್ಲಿ ಇಂಡಕ್ಷನ್ ಒಲೆ ಇದೆ. ಪಾಸ್ತಾ ಬೇಯಿಸಿದರೆ ಪ್ರತಿ ಸಲ ಒಂದೇ ಮುದ್ದೆಯಾಗುತ್ತದೆ. - ವಿದ್ಯಾರ್ಥಿ, ಪುಣೆ

ಉತ್ತರ: ತಮ್ಮಾ, ನೀರು ಕಡಿಮೆ ಹಾಕುತ್ತೀ. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು, ಅಂದರೆ ಒಂದೂವರೆ ಸಣ್ಣ ಚಮಚ. ನೀರು ಕೊತಕೊತ ಕುದಿದ ಮೇಲೆ ಹಾಕು, ಮೊದಲ ಒಂದು ನಿಮಿಷ ಕೈಯಾಡಿಸು. ಎಳೆಗಳು ಅಂಟುವುದು ಆ ಒಂದು ನಿಮಿಷದಲ್ಲೇ, ನೀನು ಅದೇ ಹೊತ್ತಿಗೆ ಮೊಬೈಲ್ ನೋಡುತ್ತಿರುತ್ತೀ. ಕುದಿಯುವ ನೀರಿಗೆ ಎಣ್ಣೆ ಬೇಡ, ಬಸಿದ ಮೇಲೆ ತಣ್ಣೀರಲ್ಲಿ ತೊಳೆಯುವುದೂ ಬೇಡ. ಪ್ಯಾಕೆಟ್ಟಿನ ಮೇಲೆ ಬರೆದ ಹೊತ್ತಿಗಿಂತ ಒಂದು ನಿಮಿಷ ಮುಂಚೆ ಒಂದು ತುಂಡು ಕಚ್ಚಿ ನೋಡು. ಹಲ್ಲಿಗೆ ಸಿಗಬೇಕು, ಹಿಟ್ಟು ಹಿಟ್ಟು ಅನ್ನಬಾರದು. ಇಟಲಿಯವರು ಆ ಹದಕ್ಕೆ 'ಅಲ್ ದೆಂತೆ' ಎನ್ನುತ್ತಾರೆ, ಅದರಲ್ಲೂ ಹಲ್ಲೇ ಇದೆ. ಬಸಿದ ನೀರು ಒಂದು ಲೋಟ ತೆಗೆದಿಡು, ಯಾಕೆಂದು ಕೆಳಗೆ ಹೇಳಿದ್ದೇನೆ.

ಪ್ರಶ್ನೆ: ಪಾಸ್ತಾದ ಮೇಲೆ ತುರಿಯುವ ಇಟಲಿಯ ಚೀಸ್ ಶಾಕಾಹಾರವೇ?

ಉತ್ತರ: ಅಸಲಿ ಪಾರ್ಮೆಸಾನ್ ಚೀಸ್ ಶಾಕಾಹಾರವಲ್ಲ. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಮ್ಮಲ್ಲಿ ಸಿಗುವ, ಹಸಿರು ಚುಕ್ಕೆ ಇರುವ ಚೀಸಿಗೆ ಆ ತೊಂದರೆಯಿಲ್ಲ. ನಾನು ಎರಡನ್ನೂ ಹಾಕುವುದಿಲ್ಲ. ಬಿಳಿ ಸಾಸು, ಗುಲಾಬಿ ಸಾಸು ಎಂದು ಗಾಡಿಗಳಲ್ಲಿ ಚೀಸಿನ ಕೆಳಗೆ ಪಾಸ್ತಾ ಹೂಳಿ ಕೊಡುತ್ತಾರಲ್ಲ, ಅದನ್ನು ತಿನ್ನುವಾಗ ಚಮಚಕ್ಕೆ ಪಾಸ್ತಾ ಸಿಕ್ಕರೆ ಪುಣ್ಯ.

ಪ್ರಶ್ನೆ: ಗೌಲಿ-ಟೊಮೆಟೊ ಮಾಡುವ ಬಗೆಯನ್ನು ಅಳತೆ ಸಮೇತ ಬರೆಯಿರಿ. (ಇದನ್ನು ಒಂಬತ್ತು ಮಂದಿ ಕೇಳಿದ್ದಾರೆ. ಬೈದವರೂ ಸೇರಿ.)

ಉತ್ತರ: ನಾಲ್ಕು ಜನಕ್ಕೆ 400 ಗ್ರಾಂ ಬನ್ಸಿ ರವೆ. ದಪ್ಪವಿದ್ದರೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ಸಣ್ಣ ಮಾಡಿಕೊಳ್ಳಿ. ಸುಮಾರು 200 ಮಿಲಿ ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಹಾಕಿ ನಾದಿ. ಮೊದಲು ಮರಳಿನ ಹಾಗೆ ಉದುರುತ್ತದೆ, ಇದು ಕೂಡುವುದೇ ಇಲ್ಲ ಅನ್ನಿಸುತ್ತದೆ. ಆಗ ಇನ್ನಷ್ಟು ನೀರು ಸುರಿದರೆ ಕೆಟ್ಟಿರಿ. ಅಂಗೈ ಬುಡದಿಂದ ಹತ್ತು ನಿಮಿಷ ಒತ್ತುತ್ತಲೇ ಇದ್ದರೆ ನುಣುಪಾಗುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಿ. ರವೆಯ ಹರಳು ನೀರು ಕುಡಿಯಲು ಅಷ್ಟು ಹೊತ್ತು ಬೇಕು.

ಹಿಟ್ಟನ್ನು ಕಿರುಬೆರಳಿನ ದಪ್ಪ ಹುರಿ ಹೊಸೆದು, ಅವರೆಕಾಳಿನಷ್ಟು ಕತ್ತರಿಸಿ. ಒಂದೊಂದನ್ನೂ ಹಲಗೆಗೆ ಒತ್ತಿ ಹೆಬ್ಬೆರಳಿನಿಂದ ನಿಮ್ಮ ಕಡೆ ಎಳೆಯಿರಿ. ಅದು ತಾನಾಗಿ ಸುರುಳಿಯಾಗುತ್ತದೆ. ನುಣುಪು ಸ್ಟೀಲ್ ತಾಟಿನ ಮೇಲೆ ಜಾರುತ್ತದೆ, ಮರದ ಮಣೆ ಬೇಕು. ನಮ್ಮ ಹಳೆಯ ಲಟ್ಟಣಿಗೆ ಮಣೆಗೆ ನಡುವೆ ಒಂದು ಬಿರುಕಿದೆ, ಅದರ ಗೆರೆ ಒಂದೊಂದು ಗೌಲಿಯ ಬೆನ್ನ ಮೇಲೂ ಮೂಡುತ್ತದೆ. ಮಗಳು ಈಗ ಬೆಂಗಳೂರಿನಲ್ಲಿ ಹೊಸ ಮಣೆಯ ಮೇಲೆ ಮಾಡಿ ಫೋಟೊ ಕಳಿಸುತ್ತಾಳೆ. ಬೆನ್ನು ನುಣ್ಣಗಿರುವುದು ನೋಡಿದ ಕೂಡಲೇ ನನಗೆ ತಿಳಿಯುತ್ತದೆ, ಇದು ನಮ್ಮ ಮನೆಯದಲ್ಲ ಎಂದು.

ಗೊಜ್ಜಿಗೆ ಆರೇಳು ಹಣ್ಣಾದ ಟೊಮೆಟೊ. ತರಕಾರಿ ಮಂಡಈಯಲ್ಲಿ ಗಾವಠಿ, ಅಂದರೆ ನಾಟಿ, ಟೊಮೆಟೊ ಸಿಕ್ಕರೆ ಅದನ್ನೇ ತನ್ನಿ. ತೊಗಲು ತೆಳು, ಹುಳಿ ಜಾಸ್ತಿ, ಬೇಗ ಕರಗುತ್ತದೆ. ಉದ್ದನೆಯ ಗಟ್ಟಿ ಟೊಮೆಟೊ ಲಾರಿಯಲ್ಲಿ ಉರುಳಿದರೂ ಒಡೆಯದಂಥದು, ಬಾಣಲೆಯಲ್ಲೂ ಅದೇ ಹಟ ಮಾಡುತ್ತದೆ. ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆ, ಎಂಟು ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಎರಡು ಬ್ಯಾಡಗಿ ಮೆಣಸಿನಕಾಯಿ ಮುರಿದು ಬೀಜ ತೆಗೆದದ್ದು. ಎಣ್ಣೆ ಹೊಗೆಯಾಡುವ ಮೊದಲೇ ಬೆಳ್ಳುಳ್ಳಿ ಬಿಡಿ. ಒಗ್ಗರಣೆಯ ಅಭ್ಯಾಸದಲ್ಲಿ ಕೆಂಪಗೆ ಮಾಡಲು ಹೋಗಬೇಡಿ, ಕಹಿಯಾಗುತ್ತದೆ. ಬೆಳ್ಳಗಿರುವಾಗಲೇ ಟೊಮೆಟೊ, ಉಪ್ಪು. ಇಪ್ಪತ್ತು ನಿಮಿಷ ಸಣ್ಣ ಉರಿ. ಎಣ್ಣೆ ಅಂಚಿಗೆ ಬಿಟ್ಟರೆ ಆಯಿತು. ಸಾಸಿವೆ, ಅರಿಶಿನ, ಗರಂ ಮಸಾಲೆ ಯಾವುದೂ ಬೇಡ. ಕೈ ತುರಿಸುತ್ತದೆ, ತಡೆದುಕೊಳ್ಳಿ.

ಹಸಿ ಗೌಲಿ ಕುದಿಯುವ ಉಪ್ಪುನೀರಿನಲ್ಲಿ ಮೂರು ನಾಲ್ಕು ನಿಮಿಷಕ್ಕೆ ತೇಲುತ್ತದೆ. ತೇಲಿದ ಮೇಲೆ ಒಂದನ್ನು ಕಚ್ಚಿ ನೋಡಿ. ಒಣಗಿಸಿಟ್ಟದ್ದಾದರೆ ಹೆಚ್ಚು ಹೊತ್ತು ಬೇಕು. ಬಸಿದು ನೇರ ಬಾಣಲೆಗೆ ಹಾಕಿ, ತೆಗೆದಿಟ್ಟ ನೀರು ಅರ್ಧ ಲೋಟ ಸುರಿದು ಒಂದು ನಿಮಿಷ ಜೋರು ಉರಿಯಲ್ಲಿ ತಿರುವಿ. ಅನ್ನದ ಗಂಜಿಯಂತೆ ಆ ನೀರಿನಲ್ಲೂ ಗಂಜಿಯಿದೆ, ಎಣ್ಣೆಯನ್ನೂ ಟೊಮೆಟೊವನ್ನೂ ಅದೇ ಕೂಡಿಸುತ್ತದೆ.

ಕಡೆಗೆ ನಾಲ್ಕಾರು ಎಲೆ ಕಾಮಕಸ್ತೂರಿ ಹರಿದು ಹಾಕಿ. ಇಟಲಿಯವರ ಬೇಸಿಲ್ ಎಂದು ಮಾಲ್‌ಗಳಲ್ಲಿ ಹತ್ತು ಎಲೆಗೆ ಅರವತ್ತು ರೂಪಾಯಿ ಕೇಳುತ್ತಾರಲ್ಲ, ಅದೂ ನಮ್ಮ ಕಾಮಕಸ್ತೂರಿಯೂ ಒಂದೇ ಜಾತಿಯ ಗಿಡ. ನಮ್ಮದರ ವಾಸನೆ ತುಸು ಖಡಕ್, ಅಷ್ಟೇ. ಫಾಲೂದಾಕ್ಕೆ ಹಾಕುವ ಸಬ್ಜಾ ಇದರದೇ ಬೀಜ. ಒಂದು ಚಿಟಿಕೆ ಕುಂಡಕ್ಕೆ ಚೆಲ್ಲಿದರೆ ವಾರದೊಳಗೆ ಮೊಳಕೆ ಕಾಣುತ್ತದೆ. ನಮ್ಮ ಅತ್ತೆಯವರು ಕಡೆಯವರೆಗೂ ಗೌಲಿ-ಟೊಮೆಟೊ ತಿಂದರು, ಆದರೆ ಈ ಎಲೆಯನ್ನು ಮಾತ್ರ ಆರಿಸಿ ತಾಟಿನ ಅಂಚಿಗೆ ಇಡುತ್ತಿದ್ದರು. ಮುಡಿಯುವುದನ್ನು ತಿನ್ನುವುದೇನು ಎಂದು ಅವರ ವಾದ. ಅದಕ್ಕೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ.

ಪ್ರಶ್ನೆ: ಪಾಸ್ತಾವನ್ನು ಕೈಯಲ್ಲಿ ತಿಂದರೆ ಮಕ್ಕಳು ನಗುತ್ತಾರೆ. ಫೋರ್ಕ್ ಹಿಡಿದರೆ ನನಗೆ ಹೊಟ್ಟೆ ತುಂಬುವುದಿಲ್ಲ. - ನಿವೃತ್ತ ಬ್ಯಾಂಕ್ ನೌಕರ, ಠಾಣೆ

ಉತ್ತರ: ಧೈರ್ಯವಾಗಿ ತಿನ್ನಿರಿ. ನೇಪಲ್ಸಿನ ಬೀದಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೂ ಜನ ಬಿಸಿ ಮ್ಯಾಕರೋನಿಯನ್ನು ಕೈಯಿಂದಲೇ ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಇಳಿಬಿಟ್ಟುಕೊಂಡು ತಿನ್ನುತ್ತಿದ್ದರು. ಆ ಕಾಲದ ಫೋಟೊಗಳೇ ಇವೆ, ನಗುವ ಮಕ್ಕಳಿಗೆ ತೋರಿಸಿ. ತಾಟಿನಲ್ಲಿ ಉಳಿದ ಗೊಜ್ಜನ್ನು ಬ್ರೆಡ್ಡಿನಿಂದ ಒರೆಸಿ ತಿನ್ನುವುದಕ್ಕಂತೂ ಇಟಲಿಯವರಲ್ಲಿ ಒಂದು ಹೆಸರೇ ಇದೆ, 'ಸ್ಕಾರ್ಪೆತ್ತಾ', ಪುಟ್ಟ ಬೂಟು ಎಂದು ಅರ್ಥ.

ನಮ್ಮ ಮನೆಯವರಿಗೆ ಆ ಹೆಸರು ಗೊತ್ತಿಲ್ಲ. ಭಾನುವಾರ ಗೌಲಿ ಮುಗಿಸಿ, ತಾಟು ನನ್ನ ಕಡೆ ಸರಿಸಿ, "ಒಂದ ಚೂರ ರೊಟ್ಟಿ ಐತೇನು?" ಎಂದು ಕೇಳುತ್ತಾರೆ.